ಅಟೆಂಡರಣ್ಣನ ದನಿ

ಮೊನ್ನೆ ತೀರಿಕೊಂಡ ನಮ್ಮ ಅಟೆಂಡರಣ್ಣ ವಿಶ್ವವಿದ್ಯಾಲಯದಲ್ಲಿ ಮೂವತ್ತು ವರ್ಷ ವಿಭಾಗದಿಂದ ವಿಭಾಗಕ್ಕೆ ಫೈಲು ಹೊತ್ತವನು. ಕಳೆದ ವರ್ಷ ಅವನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು ವೈದ್ಯಕೀಯ ವಿಭಾಗದವರು. ಹಳೆಯ ದನಿಯ ಟೇಪು ಸಿಕ್ಕರೆ ಅದೇ ದನಿಯಲ್ಲಿ ಮಾತಾಡುವ ಯಂತ್ರ ಮಾಡಿಕೊಡುತ್ತೇವೆ, ಈಗಿನ ಬಿದ್ದುಹೋದ ದನಿ ಸಾಲದು ಎಂದರು ಎಂಜಿನಿಯರಿಂಗಿನವರು.

ಮೂಕನಾಗುವ ಭಯಕ್ಕೆ ಊಟ ಬಿಟ್ಟಿದ್ದವನಿಗೆ ಹೋದ ಜೀವ ಬಂದಂತಾಯಿತು. ಹತ್ತು ವರ್ಷದ ಹಿಂದೆ ಭಾಷಾಶಾಸ್ತ್ರದ ಮೇಡಂ ತಮ್ಮ ಸಂಶೋಧನೆಗೆಂದು ಅವನನ್ನು ನಾಲ್ಕು ದಿನ ಮಾತಾಡಿಸಿ ಟೇಪು ಮಾಡಿಕೊಂಡಿದ್ದರು. ಏದುಸಿರು ಬಿಡುತ್ತ ಅವರ ಮಹಡಿ ಹತ್ತಿದ.

“ಟೇಪು ಯಾಕಣ್ಣಾ? ನೀವು ಕೆಮ್ಮಿದ್ದನ್ನೂ ಬಿಡದೆ ಬರೆದಿಟ್ಟಿದ್ದೀನಿ,” ಎಂದು ಮೇಡಂ ಹೆಮ್ಮೆಯಿಂದ ದಪ್ಪ ಪ್ರಬಂಧ ತೆರೆದರು.

“ಟೇಪು, ಮೇಡಂ?”

“ಬರ್ಕೊಂಡಾದ್ಮೇಲೆ ಅಳಿಸಿ ಬೇರೆಯವರ ಮಾತು ತುಂಬ್ಕೊಂಡ್ವಿ.”

ಅವನು ಪುಟ ತಿರುವಿದ. ಮಗಳನ್ನು ಮನೆಯಲ್ಲಿ ಹೇಗೆ ಕರೆಯುತ್ತೀರೆಂದು ಮೇಡಂ ಕೇಳಿದ್ದಾಗ ಅವನು ಕೂಗಿ ತೋರಿಸಿದ್ದು ಅಲ್ಲಿ ಅಚ್ಚಾಗಿತ್ತು: “ಬಾರೇ ಪುಟ್ಟೀ, ಊಟ ಆರೋಗ್ತದೆ.” ಹಾಗೇ ಕೂಗಲು ಬಾಯಿ ತೆರೆದ. ಬಂದದ್ದು ಬರೀ ಗಾಳಿ.

“ಹಾಗಾದ್ರೆ ಈ ಪುಟದ್ದೊಂದು ಜೆರಾಕ್ಸ್ ಕೊಡಿ, ಮೇಡಂ,” ಎಂದು ಪಿಸುಗುಟ್ಟಿದ. “ಇನ್ಮೇಲೆ ಇದನ್ನೇ ತೋರಿಸಿ ಕರೀತೀನಿ.”