ಮಾಸ್ತೆವ್ವನ ಪಾಲಿನ ಕಡುಬು

ತಂಬೂರಿನ ನಮ್ಮ ಹೊಲದ ಬದುವಿನಲ್ಲಿ ಎದೆಯೆತ್ತರದ ಕಲ್ಲೊಂದು ನಿಂತಿದೆ. ಅದರ ಮೇಲೆ ಬಳೆ ತೊಟ್ಟ ಒಂದೇ ಕೈಯ ಕೆತ್ತನೆ. ಗಂಡನ ಚಿತೆ ಏರಿದ ಯಾವುದೋ ಕಾಲದ ಹೆಣ್ಣುಮಗಳು, ಊರಿನವರಿಗೆ ಮಾಸ್ತೆವ್ವ. ಸೀಗಿ ಹುಣ್ಣಿಮೆಗೆ ತೆನೆ ಹೊತ್ತ ಬಸುರಿ ಭೂಮಿಗೆ ಚರಗ, ಅಂದರೆ ಅಡುಗೆಯ ಎಡೆ, ಚೆಲ್ಲುವಾಗ ಮೊದಲ ಕಡುಬು ಅವಳಿಗೇ. ಅದಕ್ಕೂ ಮೊದಲು ಬಸುರಿ ಹೆಂಗಸು ಬಾಯಿಗಿಟ್ಟರೆ ಕಲ್ಲಿನ ಬಳೆ ಸದ್ದು ಮಾಡುತ್ತವಂತೆ, ಹೊಟ್ಟೆಯೊಳಗಿನ ಕೂಸು ಸುಮ್ಮನಾಗುತ್ತದಂತೆ. ನಾನು ಸಾಲಿ ಟೀಚರು. ಇಂಥದ್ದು ಕೇಳಿದರೆ ಮೈ ಉರಿಯುತ್ತದೆ.

ಹೋದ ವರ್ಷದ ಹುಣ್ಣಿಮೆಗೆ ನನ್ನ ನೆಗೆಣ್ಣಿಗೆ, ಮೈದುನನ ಹೆಂಡತಿಗೆ, ಎಂಟು ತಿಂಗಳು. ಗಂಡಸರು ಪೂಜೆಗೆ ನೀರು ತರಲು ಹೋಗಿದ್ದರು. ಹಸಿವು ತಾಳದೆ ಆಕೆ ಬುಟ್ಟಿಯಿಂದ ಒಂದು ಕಡುಬು ತೆಗೆದು ತಿಂದಳು. ಅತ್ತೆ ನೋಡಿದರು. ಬೈಯಲಿಲ್ಲ, ಮುಖ ಮಾತ್ರ ಬಿಳಿಚಿಕೊಂಡಿತು. ಅವರು ಕಡುಬನ್ನು ಎಂದೂ ಮುಟ್ಟುವವರಲ್ಲ, ಸಿಹಿ ಒಗ್ಗುವುದಿಲ್ಲ ಅನ್ನುತ್ತಿದ್ದರು.

ಚರಗ ಚೆಲ್ಲಿ ಉಂಡು ಏಳುವಾಗ ನೆಗೆಣ್ಣಿ ನನ್ನ ಕೈ ಹಿಡಿದಳು. "ಅಕ್ಕಾರ, ಕೂಸು ಮಿಸುಗವಲ್ದು. ಮುಂಜಾನಿ ಒದೀತಿತ್ತು."

ಮೈದುನನಿಗೆ ಕೂಗಿದೆ: "ಟಂಟಂ ಚಾಲೂ ಮಾಡೋ, ಕಲಘಟಗಿ ದವಾಖಾನಿಗೆ ಹೋಗೂಣು!"

ಅತ್ತೆ ಆಗಲೇ ಕಲ್ಲಿನ ಮುಂದೆ ಕಾಯಿ ಹಿಡಿದು ಕೂತಿದ್ದರು. "ಮೊದ್ಲ ಆಕಿನ್ನ ಇಲ್ಲಿ ಕರ್ಕೊಂಡ್ ಬಾ. ತಪ್ಪಾತು ಅನ್ಲಿ. ಇಲ್ಲಂದ್ರ ಕೂಸು ದಕ್ಕೂದಿಲ್ಲ."

"ಹೊತ್ತು ಹೊಂಟೈತಿ, ಏಳ್ರಿ ಸುಮ್ನ! ಕಲ್ಲೇನ್ ಹಡಸತೈತೇನ್ರಿ?"

ಅಷ್ಟರಲ್ಲಿ ಹಿಂದೆ ಬಳೆ ಕಿಣಿ ಅಂದವು. ಯಾರ ಬಳೆಯೋ ಏನೋ. ಸುಳ್ಳೇಕೆ ಹೇಳಲಿ, ತಿರುಗಿ ನೋಡಲು ನನಗೆ ಧೈರ್ಯ ಬರಲಿಲ್ಲ.

ತಪ್ಪಾತು ಅನ್ನಿಸಲು ಬಿಡದೆ ಇಬ್ಬರನ್ನೂ ಟಂಟಂ ಹತ್ತಿಸಿದೆ. ದಾರಿಯುದ್ದಕ್ಕೂ ನೆಗೆಣ್ಣಿ ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ, ಅತ್ತೆ ಮಡಿಲಿನ ಕಾಯಿ ಬಿಡಲಿಲ್ಲ. ನಾನು ಒಳಗೊಳಗೇ ಮಾಸ್ತೆವ್ವನನ್ನು ಬೈಯುತ್ತಿದ್ದೆ, ಬೇಡಿಕೊಳ್ಳುತ್ತಲೂ ಇದ್ದೆ.

ಡಾಕ್ಟರಮ್ಮ ಹೊಟ್ಟೆಗೆ ಯಂತ್ರ ಹಚ್ಚಿದರು. ಮೊದಲು ಬರೀ ಗೊರಗೊರ. ಆಮೇಲೆ ಟಕಟಕ, ಟಕಟಕ. "ಮಲಗಿತ್ತು ಪುಣ್ಯಾತ್ಮ," ಅಂದು ನಕ್ಕರು.

ಗೆದ್ದವಳ ಹಾಗೆ ಹೊರಗೆ ಓಡಿಬಂದೆ. "ಕೂಸು ಆರಾಮ ಐತ್ರಿ ಅತ್ತೀ! ಕಡಬು ತಿಂದ್ರ ಏನೂ ಆಗೂದಿಲ್ಲ, ತಿಳೀತೇನ್ರಿ?"

ಅವರು ಕೈಮುಗಿಯಲೂ ಇಲ್ಲ, ನಗಲೂ ಇಲ್ಲ.

"ನನ್ನ ಚೊಚ್ಚಲ ಕೂಸು ಹೊಟ್ಟ್ಯಾಗ ಸತ್ತ ವರ್ಷ ನಾನೂ ಹಿಂಗ ತಿಂದಿದ್ದೆ ಬೇ. ಕದ್ದು, ಒಂದ ಕಡಬು." ಮಡಿಲಿನ ಕಾಯಿಯನ್ನು ಪಕ್ಕಕ್ಕಿಟ್ಟರು. "ಹಂಗಾರ ಅದಕ್ಕ ಅಲ್ಲೇನು? ನಾ ಕೊಂದಿಲ್ಲೇನು?"

"ಇಲ್ರಿ ಅತ್ತೀ. ನೀವ್ ಕೊಂದಿಲ್ರಿ."

"ಇನ್ನೊಮ್ಮಿ ಅನ್ನು," ಅಂದರು.