ಅಂಗೈಯಲ್ಲಿ ಕರಡಿ

ಗೆಳತಿಯರೇ, ಹೊಟ್ಟೆ ಉರಿಯುತ್ತಿದೆ. ಕೆನಡಾ ಸುತ್ತಿ ಬಂದ ಪಕ್ಕದ ಫ್ಲಾಟಿನ ಶೀಲಾ, ಇಂದು ಜಬಲ್ ಅಖ್ದರ್ ಬೆಟ್ಟದ ಪಿಕ್‌ನಿಕ್ಕಿನಲ್ಲಿ ಆ ದೇಶದ ಆಟವೊಂದನ್ನು ಆಡಿಸಿದಳು. ಬಂಡೆಗಳ ನಡುವೆ ಅವಳು ಬಚ್ಚಿಟ್ಟ ಡಬ್ಬಿ ಹುಡುಕಿದವರಿಗೆ ಅದರೊಳಗಿನ ರಬ್ಬರ್ ಸ್ಟಾಂಪಿನ ಮುದ್ರೆ. ನಮ್ಮ ಯಜಮಾನರೇ ಹುಡುಕಿದರು. ಅವರ ಅಂಗೈ ಹಿಡಿದು ಕಪ್ಪು ಕರಡಿಯ ಮುದ್ರೆ ಒತ್ತಿದಳು.

"ಕರಡಿ ಎದುರಾದ್ರೆ ಓಡಬಾರದು, ಬೆನ್ನು ತೋರಿಸಬಾರದು. ಮೆಲ್ಲಗೆ ಮಾತಾಡ್ತಾ ಹಿಂದೆ ಸರೀಬೇಕು" ಎಂದಳು. ಇವರು ಬಾಯಿ ಬಿಟ್ಟುಕೊಂಡು ಕೇಳಿದರು.

"ಈ ಒಮಾನ್‌ನಲ್ಲಿ ಕರಡಿ ಎಲ್ಲಿಂದ ಬರುತ್ತೆ?" ಎಂದೆ. ಇಬ್ಬರಿಗೂ ಕೇಳಿಸಲಿಲ್ಲ.

ಸಂಜೆ ಮನೆಯಲ್ಲಿ ಶಿವನ ಪೂಜೆ ಮುಗಿಸಿ ತೀರ್ಥ ಕೊಡಲು ಹೋದರೆ ಇವರು ಬಲಗೈ ಹಿಂದಕ್ಕೆಳೆದುಕೊಂಡರು. "ಬೇಡ ಕಣೇ, ಕರಡಿ ಅಳಿಸಿಹೋಗುತ್ತೆ."

ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಎಂಬ ಮಾತನ್ನು ಇಷ್ಟು ದಿನ ಸುಮ್ಮನೆ ಆಡುತ್ತಿದ್ದೆ. ಬಿಟ್ಟವಳು ಪಕ್ಕದ ಫ್ಲಾಟಿನಲ್ಲೇ ಇದ್ದಾಳೆ.