ಮರಗಳ ಹೆಸರು ಕೆತ್ತುವ ಬೊಗುಮಿವಾ

ಪೋಲೆಂಡಿನ ವಿಸ್ತುಲಾ ನದಿಯ ದಂಡೆಯಲ್ಲಿರುವ ನಮ್ಮ ಊರಿನ ಹಳೆಯ ಸಸ್ಯೋದ್ಯಾನದ ಗೇಟು ಇನ್ನೂ ತೆರೆದಿಲ್ಲ. ಬೊಗುಮಿವಾ ಆಗಲೇ ಸವೆದ ಹಲ್ಲುಜ್ಜುವ ಬ್ರಷ್ ಹಿಡಿದು ಮಂಡಿಯೂರಿದ್ದಾರೆ. ಮರದ ಬುಡದ ಫಲಕದಲ್ಲಿ ಅರ್ಧ ಹೆಸರು ಹಕ್ಕಿಯ ಹಿಕ್ಕೆಯಲ್ಲಿ ಮುಚ್ಚಿಹೋಗಿದೆ. "ಓದೋಕೆ ಬರದವರಿಗೆ ಅಕ್ಷರದ ಮೇಲೆ ಇಷ್ಟು ಕೋಪ ಯಾಕೋ!" ಎಂದು ಮೇಲೆ ನೋಡಿ ಬೈಯುತ್ತಾರೆ.

ಇಲ್ಲಿನ ಗಿಡಮರಗಳ ಹೆಸರನ್ನೆಲ್ಲ ಲೋಹದ ಫಲಕಗಳಲ್ಲಿ ಕೈಯಿಂದಲೇ ಕೆತ್ತುವವರು ಇವರು. ಮೊದಲು ಅಪ್ಪನ ಜೊತೆ ಸಮಾಧಿಕಲ್ಲು ಕೆತ್ತುತ್ತಿದ್ದರು. ಕಲ್ಲಿನ ಧೂಳಿಗೆ ಉಸಿರು ಕಟ್ಟತೊಡಗಿದ ಮೇಲೆ ಇಲ್ಲಿಗೆ ಬಂದರು. "ಅಲ್ಲಿ ಹೆಸರು ತಪ್ಪಾದ್ರೆ ಒಳಗಿರೋರು ಎದ್ದು ಬಂದು ಜಗಳ ಆಡ್ತಿರ್ಲಿಲ್ಲ. ಇಲ್ಲಿ ನೋಡೋಕೆ ಬಂದೋರು ಆಡ್ತಾರೆ." ಚಳಿಗೆ ಬೆರಳ ಗೆಣ್ಣು ಹಿಡಿದುಕೊಂಡರೂ ದಿನಕ್ಕೆ ಮೂರು ನಾಲ್ಕು ಫಲಕ ಮುಗಿಸುತ್ತಾರೆ.

ಈ ವಸಂತದಲ್ಲಿ ಅವರ ತಲೆ ಕೆಡಿಸಿದ್ದು ಕೊಳದ ಬಳಿಯ ಮರ. ನಮ್ಮ ಪೋಲಿಷ್ ನಾಲಿಗೆಗೆ ಅದು ಅಕೇಶಿಯಾ. ಅದರ ಹೂವನ್ನು ಹಿಟ್ಟಿನಲ್ಲದ್ದಿ ಕರಿಯುತ್ತೇವೆ, ಅದರ ಜೇನನ್ನೂ ಅದೇ ಹೆಸರಿನಲ್ಲಿ ಕೊಳ್ಳುತ್ತೇವೆ. ಸಸ್ಯಶಾಸ್ತ್ರದ ಪ್ರಕಾರ ಮಾತ್ರ ಅದು ರೊಬಿನಿಯಾ. ನಿಜವಾದ ಅಕೇಶಿಯಾ ಇಲ್ಲಿನ ಚಳಿ ತಾಳದೆ ಗಾಜಿನ ಮನೆಯೊಳಗಿದೆ. ಉದ್ಯಾನದ ಸಸ್ಯವಿಜ್ಞಾನಿ ವಿಟೊಲ್ಡ್ ಹೇಳಿದಂತೆ ಬೊಗುಮಿವಾ ಅಕೇಶಿಯಾ ಎಂದಿದ್ದ ಹಳೆಯ ಫಲಕ ಕಿತ್ತು ರೊಬಿನಿಯಾ ಎಂದು ಕೆತ್ತಿದ್ದನ್ನು ಹಾಕಿದರು.

ಆ ವಾರವೇ ಯಾದ್ವಿಗಾ ಕಳೆದುಹೋದರು. ಮರೆವಿನ ಕಾಯಿಲೆಯ ಈ ಅಜ್ಜಿಯನ್ನು ಗಂಡ ಜೆನೊನ್ ದಿನವೂ ಆ ಮರದಡಿಯ ಬೆಂಚಿನಲ್ಲಿ ಕೂರಿಸಿ, "ಅಕೇಶಿಯಾ ಬಿಟ್ಟು ಕದಲಬೇಡ, ರಾಣಿ," ಎಂದು ಹೇಳಿ ಬನ್ನು ತರಲು ಹೋಗುತ್ತಾರೆ. ಅಂದು ಮರಳಿದಾಗ ಬೆಂಚು ಖಾಲಿ. ಅವರು ಕೊಳದೊಳಗೆ ಇಣುಕುತ್ತಾ, ಹೆಸರು ಕೂಗುತ್ತಾ ಓಡಾಡಿದ್ದನ್ನು ಬೊಗುಮಿವಾ ಮರೆತಿಲ್ಲ. ಕೊನೆಗೆ ಯಾದ್ವಿಗಾ ಸಿಕ್ಕಿದ್ದು ಗಾಜಿನ ಮನೆಯಲ್ಲಿ, ಅಕೇಶಿಯಾ ಎಂಬ ಫಲಕದ ಮುಂದೆ. "ನೀನೇ ಬೇರೆ ಮರದ ಕೆಳಗೆ ಕೂರಿಸಿದ್ದೆ, ಪೆದ್ದ! ಬರೆದಿರೋದು ಓದೋಕಾಗಲ್ವಾ?" ಎಂದು ಗಂಡನನ್ನೇ ಗದರಿದರಂತೆ.

"ಸುಳ್ಳು ಹೆಸರಿದ್ದಾಗ ಆಕೆ ಸರಿಯಾದ ಜಾಗದಲ್ಲಿದ್ರು. ನಾನು ನಿಜ ಬರೆದೆ, ಕಳೆದುಹೋದ್ರು," ಎನ್ನುತ್ತಾರೆ ಬೊಗುಮಿವಾ. "ತಪ್ಪು ಯಾವುದು ಅಂತ ನಂಗೆ ಈಗ್ಲೂ ಗೊತ್ತಾಗ್ತಿಲ್ಲ."

ಹಳೆಯ ಫಲಕವನ್ನೇ ಹಾಕೋಣವೆಂದರೆ ವಿಟೊಲ್ಡ್ ಒಪ್ಪಲಿಲ್ಲ. ಶಾಲೆಯ ಮಕ್ಕಳು ಇದನ್ನೇ ನೋಡಿ ಕಲಿಯುತ್ತಾರೆ ಎಂಬ ಅವರ ಮಾತೂ ಸರಿಯೇ. "ಹಾಗಾದ್ರೆ ಬೆಂಚಿಗೆ?" ಎಂದು ಇವರು ಕೇಳಿದರು. ವಿಟೊಲ್ಡ್ ಕಣ್ಣು ಪಿಳುಕಿಸಿ, "ಬೆಂಚಿಗೆ ಶಾಸ್ತ್ರೀಯ ಹೆಸರೇ ಇಲ್ವಲ್ಲ, ಬೊಗುಮಿವಾ ಅವರೇ. ಏನು ಬೇಕಾದ್ರೂ ಇಡಿ," ಎಂದರಂತೆ.

ಇಂದು ಬೆಂಚಿನ ಬೆನ್ನಿಗೆ 'ಅಕೇಶಿಯಾ' ಎಂಬ ಹೊಸ ಫಲಕ ಬಂದಿದೆ. ಗೇಟು ತೆರೆದ ಮೇಲೆ ಜೆನೊನ್ ಹೆಂಡತಿಯನ್ನು ಕೂರಿಸಿ ಹೋಗಿದ್ದಾರೆ. ಬೊಗುಮಿವಾ ಪೊದೆಯ ಹಿಂದೆ ಉಸಿರು ಹಿಡಿದು ನಿಂತಿದ್ದಾರೆ. ಯಾದ್ವಿಗಾ ಮರದ ಫಲಕ ಓದುತ್ತಾರೆ. ಏಳುತ್ತಾರೆ. ತಿರುಗಿ ಬೆಂಚಿನದನ್ನು ಓದಿ, ಹಲಗೆಯನ್ನು ಬೆರಳಿನಿಂದ ತಟ್ಟುತ್ತಾರೆ.

"ಇದು ಓಕ್ ಹಲಗೆ! ಅಕೇಶಿಯಾ ಅಂತ ಯಾವ ಕತ್ತೆ ಕೆತ್ತಿದ್ದು?" ಎಂದು ಗಟ್ಟಿಯಾಗಿ ಹೇಳಿ, ಮತ್ತೆ ಅಲ್ಲೇ ಕೂರುತ್ತಾರೆ.

ಬೊಗುಮಿವಾ ಅವರ ಮುಖ ಅರಳುತ್ತದೆ. "ಬೈದ್ರೆ ಬೈಲಿ," ಎಂದು ಪಿಸುಗುಡುತ್ತಾರೆ. "ಕೂತ್ರಲ್ಲ."